ಕೂತವರ ಎತ್ತರಕ್ಕೆ

“ಇಷ್ಟು ತಳಗ ಯಾರರ ಮೊಳಿ ಬಡೀತಾರೇನು?” ಎನ್ನುತ್ತಲೇ ಸೂರ್ಯಕಾಂತ ಪಂಚೆಯ ತುದಿಗಳನ್ನು ಅದೇ ಮೊಳೆಗೆ ಎರಡು ಸುತ್ತು ಸುತ್ತಿ ಬಿಗಿದ. ಪಂಚೆಯ ನಡುಭಾಗ ಅಣ್ಣನ ಹಣೆಯನ್ನು ಹಿಡಿದಿತ್ತು. ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿದ್ದ ಅಮರೇಶಪ್ಪನವರು ಈಗ ಎಡಕ್ಕೆ ವಾಲುವುದನ್ನು ನಿಲ್ಲಿಸಿದರು.

ಸ್ವಲ್ಪ ಹೊತ್ತಿನ ಹಿಂದೆ ನೆರೆಯವರು ಕಾಳಜಿಯಿಂದ ಫ್ರೀಜರ್ ಪೆಟ್ಟಿಗೆ ತರಿಸಿದ್ದರು. ತಂದವನು ಕೂತ ಹೆಣವನ್ನು ನೋಡಿ, ತನ್ನಲ್ಲಿ ಮಲಗಿದವರಿಗೆ ಮಾತ್ರ ವ್ಯವಸ್ಥೆ ಎಂದು ತೆಲುಗಿನಲ್ಲಿ ವಿಷಾದಿಸಿ ಹೊರಟುಹೋಗಿದ್ದ.

“ಮೂವತ್ತು ವರ್ಷ ಮ್ಯೂಸಿಯಂದಾಗ ಇದ್ದಾಂವ. ಮನ್ಯಾಗ ಒಂದು ಪಟ ಐತೇನು ನೋಡ್ರಿ! ಬಸವಣ್ಣನ ಕ್ಯಾಲೆಂಡರ್ ಸೈತ ಅಡಿಗಿಮನ್ಯಾಗ,” ಎಂದ ಸೂರ್ಯಕಾಂತ. ಅವನು ರಾಯಚೂರಿನಿಂದ ಮುಂಜಾನೆಯ ರೈಲಿಗೆ ಬಂದಿದ್ದ. ದುಃಖವಾದಾಗ ಗೋಡೆ, ನಳ, ಫ್ಯಾನುಗಳಲ್ಲಿ ತಪ್ಪು ಹುಡುಕುವುದು ಅವನ ಸ್ವಭಾವ.

ಗಂಡನೆದುರು ನೆಲದ ಮೇಲೆ ಕೂತಿದ್ದ ಅಂಬವ್ವ ಹೇಳಿದಳು: “ಆ ಮೊಳಿ ಬಡದು ಹತ್ತೊಂಬತ್ತು ವರ್ಷ ಆತು. ಒಂದು ಛಲೋ ಚಿತ್ರ ತರ್ತೀನಿ ಅಂದ್ರು. ಯಾವುದು ಅಂತ ಗೊತ್ತಾಗ್ಲಿಲ್ಲ ಕಾಣ್ತದ.”

“ಖಾಲಿ ಮೊಳಿಗೆ ನೀವು ಏನೂ ಅನ್ಲಿಲ್ಲೇನು ವೈನಿ?”

“ಖಾಲಿ ಯಾಕ? ಸಂತಿ ಚೀಲ ಹಾಕ್ತಿದ್ದೆ.”

ಕುಷಾಯಿಗೂಡ ಬಡಾವಣೆಯ ಆ ಎರಡು ಕೋಣೆಯ ಮನೆಗೆ ಬಂದವರು ಹನ್ನೊಂದು ಜನ. ಹನ್ನೆರಡನೆಯವಳಾಗಿ ಹರ್ಷದಾ ಬಂದಳು. ಮ್ಯೂಸಿಯಂನಲ್ಲಿ ಪ್ರದರ್ಶನಗಳ ಉಸ್ತುವಾರಿ ಅವಳದು. ಹಾರ ಹಾಕಿದಳು, ಕೈಮುಗಿದಳು, ಅಂಬವ್ವನ ಪಕ್ಕ ಕೂತಳು. ಸಾವಿನ ಮನೆಯಲ್ಲಿ ಆಫೀಸಿನ ಮಾತು ಹೇಗೆ ಎತ್ತುವುದು? ಸಂಜೆ ಆರಕ್ಕೆ ಪ್ರದರ್ಶನದ ಪುಸ್ತಕ ಮುದ್ರಣಕ್ಕೆ ಹೋಗಬೇಕು. ಇಪ್ಪತ್ನಾಲ್ಕು ಚಿತ್ರಗಳಲ್ಲಿ ಇಪ್ಪತ್ಮೂರು ಮಾತ್ರ ಇದ್ದವು. ಕೊನೆಯದನ್ನು ಆರಿಸದೆಯೇ ಅಮರೇಶಪ್ಪನವರು ನಿನ್ನೆ ಚಹಾ ಕುಡಿಯುತ್ತಾ ಹೋಗಿಬಿಟ್ಟಿದ್ದರು.

*

ಮೂರು ತಿಂಗಳ ಹಿಂದೆ ಚಿತ್ರ ಆರಿಸಲು ಅವರನ್ನು ಮತ್ತೆ ಕರೆಸಿದ್ದು ಅವಳೇ. ಈ ನಾಡಿನ ಸಂತೆ, ಓಣಿ, ಹೊಲ, ಅಡುಗೆಮನೆಗಳನ್ನು ಇದ್ದದ್ದು ಇದ್ದಹಾಗೆ ಬರೆದ ಚಿತ್ರಗಳ ಪ್ರದರ್ಶನ. ಉಗ್ರಾಣದಲ್ಲಿ ಏನೆಲ್ಲ ಇದೆಯೆಂದು ಬಲ್ಲವರು ಅವರೊಬ್ಬರೇ. ಗ್ಯಾಲರಿಯ ಕಾವಲುಗಾರನಾಗಿ ಸೇರಿ, ಉಗ್ರಾಣದ ಸಹಾಯಕನಾಗಿ ನಿವೃತ್ತರಾದವರು.

ಬಂದವರೇ ಸ್ಟೂಲು ಕೇಳಿದರು. ಪ್ರತಿ ಚಿತ್ರದ ಮುಂದೆ ಅದನ್ನು ಹಾಕಿ ಅರ್ಧ ಗಂಟೆ ಸುಮ್ಮನೆ ಕೂತರು.

“ನಿಂತು ನೋಡಿದ್ರ ಎಲ್ಲಾ ಛಲೋನ ಕಾಣ್ತಾವ್ರಿ ಮೇಡಮ್ಮರ. ನೋಡಾಕ ಬಂದವರು ಅರ್ಧ ನಿಮಿಷ ನಿಂತು ಹೋಗ್ತಾರ. ಕಾವಲಿನಾಂವ ಎಂಟು ತಾಸು ಕೂಡ್ತಾನ. ಅಷ್ಟು ಹೊತ್ತು ಚಿತ್ರ ಅವನ ಮುಂದ ತಡೀಬೇಕು.”

ನಿರ್ದೇಶಕರಿಗೆ ಪ್ರಿಯವಾದ, ಏಳಡಿಯ ಬೇಟೆಯ ಚಿತ್ರದೆದುರು ಅವರು ಹತ್ತು ನಿಮಿಷಕ್ಕೇ ಎದ್ದರು. “ಈ ಹುಲಿ ಹನ್ನೊಂದು ಗಂಟಿಗೇ ಬ್ಯಾಸರ ತರಸ್ತದ.”

ಆರಿಸಿದವುಗಳನ್ನು ಒಂದು ಗೇಣು ತಗ್ಗಿಸಿ, ಕೂತವರ ಕಣ್ಣಿನ ಎತ್ತರಕ್ಕೆ ತೂಗುಹಾಕಬೇಕೆಂದು ಹಟ ಹಿಡಿದರು. ಕೊನೆಯ ಜಾಗಕ್ಕೆ ಎರಡು ಚಿತ್ರ ಉಳಿದವು. ಎರಡರ ನಡುವೆ ಸ್ಟೂಲನ್ನು ಆಚೀಚೆ ಸರಿಸುತ್ತಾ ಒಂದು ವಾರ ಕಳೆದರು.

“ಮನೆಯವರನ್ನ ಕರಕೊಂಡು ಬರ್ರಿ ಸರ್, ಅವರೂ ನೋಡಲಿ,” ಎಂದಿದ್ದಳು ಹರ್ಷದಾ.

“ಆಕಿ ಒಮ್ಮೆನೂ ಬಂದಿಲ್ರಿ. ನನಗ ಸುಟ್ಟಿ ಇರ್ತಿದ್ದುದು ಶುಕ್ರವಾರ. ಮ್ಯೂಸಿಯಂಗೂ ಸುಟ್ಟಿ ಶುಕ್ರವಾರನ.” ಇದನ್ನು ಅವರು ಬಸ್ಸಿನ ವೇಳಾಪಟ್ಟಿ ಹೇಳುವವರಂತೆ ಹೇಳಿದ್ದರು. ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತೆಂಬುದು ಇಬ್ಬರಿಗೂ ಆಗ ಹೊಳೆಯಲಿಲ್ಲ.

*

ಎರಡು ಗಂಟೆಗೆ ವ್ಯಾನು ಬಂತು. ಕ್ರಿಯೆಗೆ ಬಂದಿದ್ದ ಅಯ್ಯನವರು ವಿಭೂತಿ ಹಚ್ಚಿದರು. ಪಂಚೆಯ ಗಂಟು ಬಿಚ್ಚಿ, ಅಮರೇಶಪ್ಪನವರನ್ನು ಕುರ್ಚಿಗೆ ಬದಲಿಸಿ, ಕುರ್ಚಿಯ ಸಮೇತ ಎತ್ತಿದರು. “ಮೆಟ್ಲು, ಮೆಟ್ಲು! ಅಣ್ಣನ ತಲಿ ನೋಡ್ರಪಾ!” ಎಂದು ಸೂರ್ಯಕಾಂತನ ಧ್ವನಿ ಕೆಳಗಿಳಿಯುತ್ತಾ ಹೋಯಿತು. ಅಂಬವ್ವ ಬಾಗಿಲವರೆಗೆ ಹೋಗಿ ನಿಂತಳು. ವ್ಯಾನಿನ ಸದ್ದು ಮುಗಿದ ಮೇಲೆ ಬಂದು ಮೊದಲಿನ ಜಾಗದಲ್ಲೇ ಕೂತಳು.

ಉಳಿದವರೆಲ್ಲ ಮಣ್ಣಿಗೆ ಹೋಗಿದ್ದರು; ಮನೆಯಲ್ಲಿ ಅವಳು ಮತ್ತು ಹರ್ಷದಾ ಇಬ್ಬರೇ. ಗೋಡೆಯ ಮೇಲೆ, ಸ್ನಾನ ಮಾಡಿಸಿದ ತಲೆ ಆನಿದ್ದಲ್ಲಿ, ದುಂಡಗೆ ಒಂದು ತೇವದ ಗುರುತಿತ್ತು.

“ನೀ ಏನೋ ಕೇಳಾಕ ಬಂದೀಯವ್ವಾ. ಆಗಿಂದ ನೋಡಾಕತ್ತೀನಿ.”

“ಇವತ್ತು ಬ್ಯಾಡ ಕಾಕು.”

“ನಾಳೆ ಕೇಳಿದ್ರ ಅವರು ಬರ್ತಾರೇನು? ಹೇಳು.”

ಹರ್ಷದಾ ಹೇಳಿದಳು. ಆರಕ್ಕೆ ಕೊನೆಯ ಗಡುವು. ಸರ್ ಮನಸ್ಸಿನಲ್ಲಿ ಯಾವುದಿತ್ತೆಂದು ತಿಳಿಯದಿದ್ದರೆ ನಿರ್ದೇಶಕರು ಆ ಜಾಗದಲ್ಲಿ ಹುಲಿಯನ್ನು ಕೂರಿಸುತ್ತಾರೆ. ಅಂಬವ್ವ ಎದ್ದು ಮಂಚದ ಕೆಳಗಿನಿಂದ ಮಿಠಾಯಿ ಡಬ್ಬಿಯೊಂದನ್ನು ಎಳೆದಳು. ಒಳಗೆ ಅಮರೇಶಪ್ಪನವರು ರಟ್ಟಿನಲ್ಲಿ ಮಾಡಿದ್ದ ಪುಟ್ಟ ಗ್ಯಾಲರಿ. ಗೋಡೆಗಳಿಗೆ ಇಪ್ಪತ್ಮೂರು ಚಿತ್ರಗಳ ಅಂಚೆಚೀಟಿಯಷ್ಟಿನ ನಕಲು. ಕೊನೆಯ ಗೋಡೆಗೆ ಒರಗಿಸಿದ ಎರಡು ದೊಡ್ಡ ಫೋಟೋ, ಅವುಗಳಿಗೆ ಸಿಕ್ಕಿಸಿದ ಒಂದು ಚೀಟಿ.

ಹರ್ಷದಾ ಓದಿದಳು: “ಇಪ್ಪತ್ನಾಲ್ಕು. ಅಂಬವ್ವನ್ನ ಕೇಳಬೇಕು.”

“ಕೇಳಿಲ್ಲ,” ಎಂದಳು ಅಂಬವ್ವ. “ನಲವತ್ಮೂರು ವರ್ಷದಾಗ ಸಾರಿಗೆ ಉಪ್ಪು ಹಾಕೀಯೇನು ಅಂತ ಕೇಳ್ಯಾರ. ಇದನ್ನ ಕೇಳಿಲ್ಲ.”

“ಈಗ ನಾ ಕೇಳ್ತೀನ್ರಿ.”

ಅಂಬವ್ವ ಕನ್ನಡಕ ಹಾಕಿಕೊಂಡು ಎರಡನ್ನೂ ತೊಡೆಯ ಮೇಲಿಟ್ಟುಕೊಂಡಳು. ಒಂದರಲ್ಲಿ ಬೀದರಿನ ಕಡೆಯ ಸಂತೆ: ಬುಟ್ಟಿ, ಎಮ್ಮೆ, ಬಳೆಗಾರ, ಚೌಕಾಸಿ ಮಾಡುವ ಹೆಂಗಸರು, ಕಾಲಿಡಲು ಜಾಗವಿಲ್ಲದಷ್ಟು ಜನ. ಇನ್ನೊಂದರಲ್ಲಿ ಮಧ್ಯಾಹ್ನದ ಪಡಸಾಲೆ: ಅರ್ಧ ಹಸನು ಮಾಡಿದ ಜೋಳದ ಮೊರ, ಬಾಗಿಲ ಬಳಿ ಒಂದು ಜೊತೆ ಚಪ್ಪಲಿ. ಯಾರೂ ಇಲ್ಲ. ಅರ್ಧ ಗಂಟೆ ಅವಳು ನೋಡುತ್ತಾ ಕೂತಳು. ಹರ್ಷದಾ ಗಡಿಯಾರ ನೋಡಲಿಲ್ಲ.

“ಇದನ್ನ ಒಯ್ಯಿ,” ಎಂದು ಅಂಬವ್ವ ಪಡಸಾಲೆಯನ್ನು ಕೊಟ್ಟಳು. “ಮಂದಿ ನೋಡಲಿ. ನಮ್ಮನ್ಯಾಗ ಅದು ಐತಿ.”

ಹರ್ಷದಾ ಚೀಟಿಯ ಮೇಲೆ ಚಿತ್ರದ ಹೆಸರು ಬರೆದುಕೊಂಡಳು. ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಕೇಳಿಸಿತು: “ಶುಕ್ರವಾರ ಇನ್ನೂ ಸುಟ್ಟಿನ ಐತೇನವ್ವಾ?”

“ಹೌದ್ರಿ ಕಾಕು. ಶನಿವಾರ ಬರ್ರಿ. ನಾನ ಬಂದು ಕರಕೊಂಡು ಹೋಗ್ತೀನಿ.”

ಹರ್ಷದಾ ಹೊಸ್ತಿಲಲ್ಲಿ ತಿರುಗಿ ನೋಡಿದಳು. ಅಂಬವ್ವ ಸಂತೆಯ ಫೋಟೋದ ಮೇಲಂಚನ್ನು ಮೊಳೆಗೆ ಚುಚ್ಚಿದ್ದಳು. ಕೆಳಗೆ ತೇವದ ಗುರುತು ಅಂಚಿನಿಂದ ಒಣಗುತ್ತಾ ಬಂದು ಬಟ್ಟಲಿನಷ್ಟಾಗಿತ್ತು. ಅವಳು ಗೋಡೆಯ ಹತ್ತಿರ ಸರಿದು ಕೂತು, ಸಂತೆಯ ಜನರನ್ನು ಒಬ್ಬೊಬ್ಬರನ್ನಾಗಿ ಬೆರಳಿನಿಂದ ಮುಟ್ಟುತ್ತಿದ್ದಳು.