ಆರುನೂರು ಕೋಟಿ ಮಂದಿಯೂ ಮಾಯವ್ವನ ಕಂಬಳಿಯೂ

ನಾಗನೂರಿನ ಬೀರಸಿದ್ದಪ್ಪ ಮಗ್ಗದ ಹಗ್ಗ ಬಿಚ್ಚುತ್ತ ಕೂತಿದ್ದ. ಆನ್‌ಲೈನಿನಲ್ಲಿ ಮಾರಿದ್ದ ನಾಲ್ಕು ಕಂಬಳಿ ನಾಲ್ಕೂ ವಾಪಸು ಬಂದು ಕಟ್ಟೆಯ ಮೇಲೆ ಬಿದ್ದಿದ್ದವು. ‘ಇದು ಕಂಬಳಿಯಲ್ಲ, ಗೋಣಿಚೀಲ’ ಎಂದು ಕೊಂಡವರೊಬ್ಬರು ಬರೆದಿದ್ದರು. ಆ ಕಂಬಳಿಗಳಿಗೆ ಉಣ್ಣೆ ನೂತ ಹೆಂಡತಿ ಮಾಯವ್ವ ಸಿಟ್ಟಿನಿಂದ ಕುದಿಯುತ್ತಿದ್ದಳು. ಯಾರಿಗಾದರೂ ಸಿಟ್ಟು ಬರುವಂಥದ್ದೇ.

ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವ ರಾಜೇಶ್ವರಿ ಬಂದವಳೇ ಕೇಳಿದಳು: “ಮಗ್ಗ ಯಾಕ ಬಿಚ್ಚಾಕತ್ತೀರಿ ಕಾಕಾ?”

“ನೇಯೋದು ಸಾಕಾತವ್ವ. ಗೋಕಾಕದಿಂದ ಶ್ರೀಶೈಲ ಅಂತ ಒಬ್ಬಾಂವ ಬಂದಿದ್ದ. ಜಗತ್ತಿನಾಗ ಆರುನೂರು ಕೋಟಿ ಮಂದಿ ನೆಟ್ ನೋಡ್ತಾರ, ಕೋಟಿಗೊಬ್ಬ ತಗೊಂಡ್ರೂ ಆರುನೂರು ಕಂಬಳಿ ಹೋಗ್ತಾವು ಅಂದ. ಪೇಜ್ ಮಾಡಿಕೊಟ್ಟ. ನಾನೂ ನಂಬಿದೆ.”

“ಲೆಕ್ಕ ಖರೆ ಐತಿ. ಆದ್ರ ನೆಟ್ ನೋಡೋರೆಲ್ಲ ಗಿರಾಕಿ ಅಲ್ಲರಿ. ಮೂಡಲಗಿ ಸಂತಿಗೆ ಬಂದೋರೆಲ್ಲ ಕಂಬಳಿ ತಗೊಳ್ಳಾಕ ಬಂದಿರತಾರೇನು?”

ರಾಜೇಶ್ವರಿ ಮೊಬೈಲಿನಲ್ಲಿ ಆ ಪೇಜ್ ತೆರೆದಳು. ಅಲ್ಲಿದ್ದದ್ದು ಯಾವುದೋ ಕಾರ್ಖಾನೆಯ ನುಣುಪು ಶಾಲಿನ ಫೋಟೋ. ಎಂಥ ನಾಚಿಕೆಗೆಟ್ಟ ಕೆಲಸ. ದೊಡ್ಡ ಸಂಖ್ಯೆ ಹೇಳಿದವನಿಗೆ ಮಾಯವ್ವನ ಕಂಬಳಿಯನ್ನು ಒಮ್ಮೆ ಮುಟ್ಟಿ ನೋಡಲು ಪುರಸೊತ್ತು ಇರಲಿಲ್ಲ.

“ಇದು ನಂದಲ್ಲ,” ಎಂದಳು ಮಾಯವ್ವ. “ನಾವು ನೂಲಿಗೆ ಹುಣಸಿಬೀಜದ ಸರಿ, ಅಂದ್ರ ಬೀಜ ಕುದಿಸಿದ ಗಂಜಿ, ಹಚ್ಚತೇವಿ. ಮೊದಲಿಗೆ ಬಿರುಸು ಇರತೈತಿ, ಹೊದ್ದಂಗ ಹೊದ್ದಂಗ ಮೆತ್ತಗಾಗತೈತಿ. ಇದು ಕೂಸಿಗೂ ಗೊತ್ತು.”

“ನಮ್ಮೂರ ಕೂಸಿಗೆ ಗೊತ್ತು ಕಾಕು. ದೂರದವರಿಗೆ ಯಾರು ಹೇಳ್ಯಾರ? ಆ ಶ್ರೀಶೈಲ ಕೇಳಲಿಲ್ಲ, ನೀವೂ ಹೇಳಲಿಲ್ಲ. ಈಗ ನೀವು ಅಂದಿದ್ದನ್ನ ಬರೀತೇನಿ.”

“ಹಂಗಾರ ಇದನ್ನೂ ಬರಿ. ಮೆತ್ತಗಿನ ಶಾಲು ಬೇಕಾದವರು ನಮ್ಮ ಕಡೆ ಬರಬ್ಯಾಡ್ರಿ.”

ರಾಜೇಶ್ವರಿ ಅದನ್ನೂ ಬರೆದಳು. ಬಿಸಿಲಿನಲ್ಲಿ ಕಂಬಳಿ ಹಾಸಿ ಫೋಟೋ ತೆಗೆದಳು. ಹೆಚ್ಚಿನವರು ನೋಡುವುದು ಮೊಬೈಲಿನಲ್ಲೇ, ಹಾಗಾಗಿ ಹೊಸ ಪೇಜ್ ಮಾಡಿ ನಾಲ್ಕೇ ಸಾಲು, ಅಳತೆ, ಬೆಲೆ, ಫೋನ್ ನಂಬರು ಹಾಕಿದಳು. ಮಾಯವ್ವ ಶ್ರೀಶೈಲನಿಗೆ ಫೋನ್ ಮಾಡಿ ಬೈದು ಹಳೆಯ ಪೇಜ್ ತೆಗೆಸಿದಳು. “ಅಮಾಸಿ ತನಕ ಮಗ್ಗ ಬಿಚ್ಚಬ್ಯಾಡ್ರಿ ಕಾಕಾ,” ಎಂದು ಹೇಳಿ ರಾಜೇಶ್ವರಿ ಹೋದಳು.

ದಿನಗಳು ಹೋದವು, ಫೋನ್ ಬರಲಿಲ್ಲ. ನಾಳೆ ಅಮಾವಾಸ್ಯೆ ಎನ್ನುವಾಗ ಬೀರಸಿದ್ದಪ್ಪ ಮತ್ತೆ ಹಗ್ಗಕ್ಕೆ ಕೈ ಹಾಕಿದ. ಆಗ ಸೊಲ್ಲಾಪುರದಿಂದ ಒಬ್ಬ ಅಜ್ಜಿಯ ಫೋನ್ ಬಂತು.

“ಹುಣಸಿಬೀಜದ ಸರಿ ಖರೇನ ಹಚ್ಚೀರೇನ್ರಿ? ಹಂಗಿದ್ರ ಎರಡು ಕಳಸ್ರಿ. ಇಂಥಾದು ಹುಡುಕಿ ಸಾಕಾಗೈತಿ.”

ಮಾಯವ್ವ ಫೋನ್ ಇಟ್ಟು ಗಂಡನ ಕಡೆ ತಿರುಗಿದಳು. “ಹಗ್ಗ ಕಟ್ರಿ,” ಎಂದಳು. ಅವನು ಕಟ್ಟಿದ.

ಅಕ್ಕ ಅಣ್ಣಂದಿರೇ, ಆರುನೂರು ಕೋಟಿ ಎನ್ನುತ್ತ ಯಾರಾದರೂ ನಿಮ್ಮ ಮನೆಗೂ ಬಂದಾರು. ಕೂರಿಸಿ ಕೇಳಿ: ಅಷ್ಟು ಜನರಲ್ಲಿ ನನ್ನ ಸರಕು ಬೇಕಾದವರು ಯಾರು? ಅವರಿಗೆ ನೀನು ಏನು ಹೇಳುತ್ತೀಯ, ಯಾರ ಸರಕಿನ ಫೋಟೋ ತೋರಿಸುತ್ತೀಯ? ಉತ್ತರ ಬಾರದಿದ್ದರೆ ಬಂದ ದಾರಿಯಲ್ಲೇ ಕಳಿಸಿ. ನಿಮ್ಮ ಪೇಜನ್ನು ಇವತ್ತೇ ಯಾರಿಂದಲಾದರೂ ಓದಿಸಿ ಕೇಳಿ. ಇನ್ನೊಬ್ಬರ ಸುಳ್ಳಿನಿಂದ ನಿಮ್ಮ ದುಡಿಮೆ ಗೋಣಿಚೀಲ ಅನ್ನಿಸಿಕೊಳ್ಳಲು ಬಿಡಬೇಡಿ.