ಅಕ್ಕ ಕಾಸಿದ ಸೂಪು

ಎಚ್ಚರವಾದ ಕೂಡಲೇ ತಂಗಿ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡಳು. ಪುಟ್ಟ ಪುಟ್ಟ ಪಟ್ಟಿಗಳು ಕೈಗೆ ಸಿಕ್ಕವು. ಅಂತೂ ಮುಗಿಯಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಸರ್ಜನ್ ಬಂದು ಮಂಚದ ಪಕ್ಕ ನಿಂತರು.

“ಆಪರೇಷನ್ ಮಾಡ್ಲಿಲ್ಲಮ್ಮ. ಕ್ಯಾಮೆರಾ ಇಳಿಸಿ ನೋಡಿದ್ವಿ. ಲಿವರ್‌ನಲ್ಲಿ ಕೊಬ್ಬು ತುಂಬಿ, ಹೊಟ್ಟೆ ಚೀಲದ ಮೇಲೆ ಹೊದ್ಕೊಂಡು ಕೂತಿದೆ. ಬಲವಂತವಾಗಿ ಎತ್ತಿದ್ರೆ ಹರಿದು ರಕ್ತ ಹೋಗುತ್ತೆ. ಹಾಗೇ ಮುಚ್ಚಿಬಿಟ್ವಿ. ಎರಡು ವಾರ ಬರೀ ತೆಳು ಸೂಪು ಅಂದಿದ್ದು ಅದು ಕುಗ್ಗಲಿ ಅಂತಾನೇ.”

“ಅದನ್ನೇ ಕುಡಿದಿದ್ದು ಸರ್.”

“ತೂಕ ಯಾಕೆ ಇಳಿದಿಲ್ಲ ಅಂತ ಮೊನ್ನೆ ಕೇಳ್ದಾಗ್ಲೂ ಹೀಗೇ ಅಂದ್ರಿ. ಇನ್ನೊಂದು ತಾರೀಖು ಕೊಡ್ಬೇಕೋ ಬೇಡ್ವೋ, ನಾವೆಲ್ಲ ಕೂತು ಯೋಚಿಸ್ಬೇಕು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಊಟದ ವಿಷಯದಲ್ಲಿ ದಪ್ಪಗಿರುವವರ ಮಾತನ್ನು ಯಾರೂ ನಂಬುವುದಿಲ್ಲ ಎಂಬುದು ಅವಳಿಗೆ ಶಾಲೆಯ ದಿನಗಳಿಂದಲೂ ಗೊತ್ತಿತ್ತು. ಕಿಟಕಿಯ ಬಳಿ ಕುಳಿತಿದ್ದ ಅಕ್ಕನತ್ತ ನೋಡಿದಳು. ಸೂಪು ಕಾಸಿ ಫ್ಲಾಸ್ಕಿಗೆ ತುಂಬಿಸಿ ಕೊಡುತ್ತಿದ್ದವಳು ಅವಳು. ಸಾಕ್ಷಿ ಹೇಳಬಲ್ಲವಳೂ ಅವಳೊಬ್ಬಳೇ. ಅಕ್ಕ ಕೈಚೀಲದ ಜಿಪ್ಪು ಎಳೆದಳು, ಮತ್ತೆ ಹಾಕಿದಳು.

ಅಕ್ಕ ತಂಗಿ ಇಬ್ಬರದೂ ಒಂದೇ ಹೊಲಿಗೆ ಅಂಗಡಿ. ಬೇರೆಲ್ಲೂ ತಮ್ಮ ಅಳತೆಯ ಬಟ್ಟೆ ಸಿಗದ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಅಷ್ಟು ದೊಡ್ಡ ಅಳತೆಯ ಬೊಂಬೆ ಯಾರೂ ಮಾಡುವುದಿಲ್ಲವಾದ್ದರಿಂದ ಅಷ್ಟೇ ದಪ್ಪಗಿದ್ದ ಇವರಲ್ಲಿ ಒಬ್ಬಳು ನಿಲ್ಲುವುದು, ಇನ್ನೊಬ್ಬಳು ಅವಳ ಮೈಮೇಲೆ ಬಟ್ಟೆ ಹರಡಿ ಪಿನ್ನು ಹಾಕುವುದು. ಗಿರಾಕಿಗಳು ‘ಜೋಡಿ ದಿಂಬು’ ಎಂದರೆ ಇಬ್ಬರೂ ಜೊತೆಗೇ ನಗುತ್ತಿದ್ದರು. ಆದರೆ ತಂಗಿಗೆ ಸಕ್ಕರೆ ಕಾಯಿಲೆ ಹತೋಟಿಗೆ ಬರಲಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟತೊಡಗಿತು. ಪಥ್ಯ, ಮಾತ್ರೆ ಎಲ್ಲ ಆದ ಮೇಲೆಯೇ ಹೊಟ್ಟೆಯ ಚೀಲದ ಬಹುಪಾಲನ್ನು ಕತ್ತರಿಸಿ ತೆಗೆಯುವ ಈ ಆಪರೇಷನ್ ಮಾತು ಬಂದದ್ದು. ಚೆಂದ ಕಾಣಬೇಕೆಂಬ ಆಸೆ ಅದರಲ್ಲಿರಲಿಲ್ಲ, ಬದುಕಬೇಕೆಂಬ ಆಸೆಯಿತ್ತು.

ಮನೆಗೆ ಬಂದವಳು ನೀರಿಗೆಂದು ಫ್ರಿಜ್ ತೆಗೆದಳು. ಆಸ್ಪತ್ರೆಗೆ ಹೋಗುವ ಮುನ್ನ ಅರ್ಧ ಕುಡಿದಿಟ್ಟಿದ್ದ ಫ್ಲಾಸ್ಕು ಅಲ್ಲೇ ಇತ್ತು. ಮುಚ್ಚಳ ತಿರುಗಿಸಿದಳು. ತಣ್ಣಗಾದ ಕುಂಬಳಕಾಯಿ ಸೂಪಿನ ಮೇಲೆ ಬೆಳ್ಳನೆಯ ಪದರ ಹೆಪ್ಪುಗಟ್ಟಿತ್ತು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಷ್ಟು ದಪ್ಪ. ಚಮಚದಿಂದ ತಟ್ಟಿದರೆ ಟಕ್ ಎಂದಿತು.

“ಇದೇನಕ್ಕ?”

“ಚೆನ್ನಾಗಿ ರುಬ್ಬಿದ್ದೀನಲ್ಲ, ಮೇಲೆ ನಿಂತಿರುತ್ತೆ.”

“ಕುಂಬಳಕಾಯಿ ಬೆಣ್ಣೆ ಬಿಡುತ್ತಾ?”

ಅಕ್ಕ ಸ್ಟೂಲಿನ ಮೇಲೆ ಕುಳಿತಳು. “ಬೆಣ್ಣೆ ಸ್ವಲ್ಪ, ಕೆನೆ ಸ್ವಲ್ಪ. ಮುಖ ಬಾಡಿಹೋಗಿತ್ತು ಕಣೇ ನಿಂದು.”

“ದಿನಾನೂ?”

ಅಕ್ಕ ಹೌದೆಂದು ತಲೆಯಾಡಿಸಿದಳು.

“ಡಾಕ್ಟ್ರು ನನ್ನ ಕಳ್ಳಿ ಥರ ನೋಡ್ತಿದ್ರಲ್ಲ, ಆಗಾದ್ರೂ ಬಾಯಿ ಬಿಡ್ಬಾರ್ದಿತ್ತಾ?”

“ಎಲ್ಲರೆದುರು ಹೇಗೆ ಹೇಳ್ಲಿ?” ಅಕ್ಕ ತಲೆ ತಗ್ಗಿಸಿದಳು. “ನೀನು ಸಣ್ಣಗಾಗ್ತೀಯ. ಅಂಗಡೀಲಿ ನಾನೊಬ್ಳೇ ಬೊಂಬೆ ಥರ ನಿಂತಿರ್ತೀನಿ. ಆಗ ಜನ ನಗೋದು ನನ್ನೊಬ್ಬಳನ್ನೇ ನೋಡಿ.”

ಇಷ್ಟು ವರ್ಷ ಆ ನಗುವಿಗೆ ತಾನೂ ಅಕ್ಕನೂ ಸಮಪಾಲುದಾರರು ಎಂದುಕೊಂಡಿದ್ದಳು ತಂಗಿ. ಅಕ್ಕ ತನ್ನ ಮರೆಯಲ್ಲಿ ನಿಂತಿದ್ದಳು ಎಂಬುದು ಈಗ ತಿಳಿಯಿತು.

“ನಾಳೆ ಬಂದು ಡಾಕ್ಟ್ರಿಗೆ ಹೇಳು. ಅಷ್ಟು ಮಾಡು ಸಾಕು.”

“ಮನೆ ವಿಷಯ ಆಸ್ಪತ್ರೇಲಿ ಯಾಕೆ ಬಿಡು. ಎರಡು ಸಲ ಮರೆತು ತಿಂದೆ ಅನ್ನು, ಅವರೂ ಸುಮ್ಮನಾಗ್ತಾರೆ.”

ತಂಗಿ ಮುಚ್ಚಳ ಬಿಗಿದು ಫ್ಲಾಸ್ಕನ್ನು ಫ್ರಿಜ್ಜಿನೊಳಗೆ ವಾಪಸ್ಸಿಟ್ಟಳು.

ಮರುದಿನ ಅದನ್ನು ಹಿಡಿದು ಒಬ್ಬಳೇ ಆಸ್ಪತ್ರೆಗೆ ಹೋದಳು. “ತೆಳು ಸೂಪು ಅಂತ ನಾನು ಕುಡಿದಿದ್ದು ಇದನ್ನೇ,” ಎಂದಳು. ಅಲ್ಲಿ ರೋಗಿಗಳ ಪಥ್ಯ ನೋಡಿಕೊಳ್ಳುವಾಕೆ ಫ್ಲಾಸ್ಕಿನೊಳಗೆ ಇಣುಕಿದಳು, ಚಮಚದಿಂದ ಆ ಪದರವನ್ನು ಮುರಿದಳು. “ಸಾರಿ. ನಿಮ್ಮನ್ನ ನಂಬಬೇಕಿತ್ತು,” ಎಂದಳು. “ಸರ್ ಹತ್ರ ನಾನೇ ಮಾತಾಡ್ತೀನಿ. ಆದ್ರೆ ಆಪರೇಷನ್ ಆದ್ಮೇಲೂ ತಿಂಗಳುಗಟ್ಟಲೆ ಊಟ ಅಳೆದು ಕೊಡ್ಬೇಕು. ಮನೇಲಿ ನೋಡ್ಕೊಳ್ಳೋರು ಯಾರಿದ್ದಾರೆ?”

“ಯಾರೂ ಇಲ್ಲ.”

“ಅಕ್ಕ ಇದ್ರಲ್ಲ? ಒಬ್ಬರೇ ಅಂದ್ರೆ ಕಷ್ಟ ಆಗುತ್ತೆ.”

“ಆಗ್ಲಿ,” ಎಂದಳು ತಂಗಿ. “ಅಡುಗೆ ನಾನೇ ಮಾಡ್ಕೋತೀನಿ. ನೀವು ತಾರೀಖು ಕೊಡ್ಸಿ.”