ಮಾಜಾಂಗ್ ಮೇಜಿನ ನಾಲ್ಕನೆಯ ಕುರ್ಚಿ

ಹಿಮಪರ್ವತಕ್ಕೆ ಮುಖ ಮಾಡಿದ ಸ್ನಾನದ ತೊಟ್ಟಿ, ಕರೆದರೆ ಓಡಿಬರುವ ಆಳು, ಉಸಿರು ಬಿಡುವುದನ್ನು ಕಲಿಸಲೂ ಒಬ್ಬ ಗುರು! ಚೀನಾದ ಬೆಟ್ಟದೂರು ಲಿಜಿಯಾಂಗ್‌ನ ಆ ದುಬಾರಿ ಹೋಟೆಲಿನಲ್ಲಿ ಯಾಲಾನ್ ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಅತಿಥಿಯಾಗಿ ಬಂದ ಚೆಂಗ್ಡು ನಗರದ ಫ್ಯಾಕ್ಟರಿ ಒಡತಿ ಔಯಾಂಗ್ ಅಕ್ಕ ಮೆಚ್ಚಿದರೆ ಅವಳ ಹನ್ನೆರಡು ಜನ ಗೆಳತಿಯರ ಮುಂದಿನ ಪ್ರವಾಸ ಯಾಲಾನಳ ಪಾಲಿಗೆ. ಮುಖ ತಿರುಗಿಸಿದರೆ ಆರು ತಿಂಗಳ ಹಿಂದಷ್ಟೇ ತೆರೆದ ಅವಳ ಪ್ರವಾಸ ಕಚೇರಿಗೆ ಬೀಗ. ಆ ಮಹಾತಾಯಿಯೋ, ಬಂದಾಗಿನಿಂದ ಪರ್ವತದ ಕಡೆ ಕಣ್ಣೆತ್ತಿಯೂ ನೋಡದೆ, ಬಿಸಿನೀರು ಹೀರುತ್ತ, ಕಾಯಿಗಳನ್ನು ಜೋಡಿಸಿ ಗೆಲ್ಲುವ ಮಾಜಾಂಗ್ ಆಟದ ಮೇಜಿಗೆ ಅಂಟಿಕೊಂಡಿದ್ದಳು.

ಮೂರನೆಯ ಬೆಳಿಗ್ಗೆ ಅಕ್ಕನ ನಾದಿನಿ ಬೆಟ್ಟದ ಗಾಳಿ ಒಗ್ಗದೆ ತಲೆ ಹಿಡಿದು ಮಲಗಿಬಿಟ್ಟಳು. ನಾಲ್ವರ ಆಟಕ್ಕೆ ಅಕ್ಕ ಮತ್ತು ಜೊತೆಗೆ ಬಂದ ಇಬ್ಬರು ಗೆಳತಿಯರು, ಹೀಗೆ ಮೂವರೇ ಉಳಿದರು.

"ಏ ಹುಡುಗಿ, ಬಾ ಕೂತ್ಕೋ. ಆಡೋಕೆ ಬರುತ್ತಲ್ವಾ?"

"ಏನೋ ಸ್ವಲ್ಪ, ಅಕ್ಕ."

ಸ್ವಲ್ಪವಂತೆ! ಅಜ್ಜಿಯ ಚಹಾದಂಗಡಿಯಲ್ಲಿ ಬೆಳೆದವಳು, ಹತ್ತನೆಯ ವಯಸ್ಸಿಗೇ ಮುದುಕರ ಬೆವರಿಳಿಸಿದವಳು. ಆದರೆ ದೊಡ್ಡವರೊಂದಿಗೆ ಆಡುವಾಗ ಸೋಲಬೇಕು, ಅದೂ ಗೊತ್ತಾಗದ ಹಾಗೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಎಲ್ಲರೂ ಕಲಿಯುವ ಪಾಠವದು. ಅಕ್ಕನಿಗೆ ಯಾವ ಕಾಯಿ ಬೇಕೆಂದು ಊಹಿಸಿ ಯಾಲಾನ್ ಅದನ್ನೇ ಎಸೆದಳು. ಅಕ್ಕ ಅದನ್ನೆತ್ತಿಕೊಂಡು ಗೆದ್ದಳು. ಮುಂದಿನ ಎರಡು ಆಟವೂ ಹಾಗೇ ಆಯಿತು.

ನಾಲ್ಕನೆಯ ಸಲ ಗೆದ್ದವಳೇ ಅಕ್ಕ ಕೈ ಚಾಚಿ ಯಾಲಾನಳ ಕಾಯಿಗಳನ್ನು ಮಗುಚಿ ನೋಡಿದಳು.

"ಗೆಲ್ಲೋಕೆ ಒಂದೇ ಕಾಯಿ ಬಾಕಿ ಇತ್ತಲ್ಲೇ ನಿಂಗೆ! ಜೋಡಿ ಒಡೆದು ನಂಗೆ ಎಸೆದ್ಯಾ?"

ಯಾಲಾನಳ ಕಣ್ಣಮುಂದೆ ಕಚೇರಿಯ ಬೀಗ ನಿಂತಿತು.

"ಫ್ಯಾಕ್ಟರೀಲಿ ಮ್ಯಾನೇಜರ್ ಸೋಲ್ತಾನೆ, ಮನೇಲಿ ಅಳಿಯ ಸೋಲ್ತಾನೆ, ಇಗೋ ಇವರಿಬ್ಬರೂ ಸೋಲ್ತಾರೆ!" ಗೆಳತಿಯರು ಚಾವಣಿ ನೋಡತೊಡಗಿದರು. "ಅದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ? ಇನ್ನೊಂದು ಸಲ ಸೋತು ನೋಡು, ಈಗಲೇ ಊರಿಗೆ ಹೊರಡ್ತೀನಿ!"

ಯಾಲಾನಳಿಗೂ ರೇಗಿತು. ಎರಡು ದಿನ ಹಲ್ಲು ಕಿರಿದು ಕಿರಿದು ದವಡೆ ನೋಯುತ್ತಿತ್ತು. ಅಂಗಿಯ ತೋಳು ಮೇಲಕ್ಕೇರಿಸಿ ಕೂತಳು. ಮಧ್ಯಾಹ್ನದೊಳಗೆ ಅಕ್ಕನಿಗೆ ಏಳು ಸಲ ಮಣ್ಣು ಮುಕ್ಕಿಸಿದಳು.

"ದರಿದ್ರದವಳೇ! ಕಳ್ಳಿ!" ಅಕ್ಕ ಮೇಜು ಗುದ್ದಿದಳು. ಜಡೆ ಬಿಚ್ಚಿತ್ತು, ಮುಖ ಕೆಂಪಾಗಿತ್ತು, ನಗು ಮಾತ್ರ ತಡೆಯಲಾಗುತ್ತಿರಲಿಲ್ಲ.

"ಅಕ್ಕ, ಪರ್ವತಕ್ಕೆ ಹೋಗೋ ಕಾರು ಕಾಯ್ತಿದೆ."

"ಕಾಯ್ಲಿ ಬಿಡೇ! ಮುಂದಿನ ಸಲ ಹನ್ನೆರಡು ಜನಾನೂ ಕರ್ಕೊಂಡು ಬರ್ತೀನಿ. ಊರು ಯಾವುದಾದ್ರೂ ಆಗ್ಲಿ, ನೀನು ಮಾತ್ರ ಇರ್ಬೇಕು. ಈಗ ಕಾಯಿ ಕಲಸು. ನಿನ್ನ ಸೊಕ್ಕು ಮುರಿಯೋವರೆಗೂ ಇಲ್ಲಿ ಯಾರೂ ಊಟಕ್ಕೇಳೋ ಹಾಗಿಲ್ಲ."

ಆ ದಿನ ಯಾರಿಗೂ ಊಟ ಸಿಗಲಿಲ್ಲ.